ಕತ್ತಲಲ್ಲಿ ಹೂಂಗುಟ್ಟಿದ ಮೇಷ್ಟ್ರು

ದೆವ್ವ, ಆತ್ಮ ಎಂದರೆ ನಗುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ.

ಎಪ್ಪತ್ತರ ದಶಕದಲ್ಲಿ ಸಾಸ್ವೆಹಳ್ಳಿಗೆ ವರ್ಗವಾಗಿ, ನಿವೃತ್ತ ಕನ್ನಡ ಮೇಷ್ಟ್ರು ರುದ್ರಪ್ಪನವರ ಮನೆಯಲ್ಲಿ ಬಾಡಿಗೆಗಿದ್ದೆ. ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. ಮಗಳು ಗಿರಿಜೆ ದಿನಾ ಸಂಜೆ ಅವರಿಗೆ, ಅವರು ಅದುವರೆಗೆ ಓದಿರದ ಒಂದು ಐತಿಹಾಸಿಕ ಕಾದಂಬರಿ ಓದಿ ಹೇಳುತ್ತಿದ್ದಳಂತೆ. ನಾನು ಬರುವ ಮೊದಲೇ, ಕೊನೆಯ ಅಧ್ಯಾಯ ಉಳಿದಿರುವಾಗ, ಜ್ವರ ಬಂದು ತೀರಿಕೊಂಡಿದ್ದಳು. "ನಾನು ಓದಲಾ ಮೇಷ್ಟ್ರೇ?" ಎಂದು ಒಮ್ಮೆ ಕೇಳಿದ್ದೆ.

"ಬ್ಯಾಡವ್ವ. ಅದು ಗಿರಿಜೆ ಓದಬೇಕಾದ್ದು. ಉಳೀಲಿ ಬಿಡು" ಎಂದಿದ್ದರು.

ಆ ವರ್ಷ ಊರಿಗೆ ಬಂದ ಟೂರಿಂಗ್ ಟಾಕೀಸಿನಲ್ಲಿ ಅದೇ ಕಾದಂಬರಿಯ ಚಿತ್ರ ಹಾಕಿದರು. ಹದಿನೈದು ವರ್ಷ ಹಳೆಯ ಕಪ್ಪು ಬಿಳುಪು ಚಿತ್ರ. ಮೇಷ್ಟ್ರೇ ಬಾಯಿಬಿಟ್ಟು, "ನನ್ನ ಕರ್ಕೊಂಡು ಹೋಗ್ತೀಯೇನವ್ವಾ? ಮಾತು ಕೇಳಾಕೆ ಕಣ್ಣು ಯಾಕೆ?" ಎಂದರು. ಮೊದಲ ಆಟಕ್ಕೆ ಹೋದೆವು. ಮಾತಿಲ್ಲದ ದೃಶ್ಯಗಳನ್ನು ನಾನು ಅವರ ಕಿವಿಯಲ್ಲಿ ಹೇಳುತ್ತಾ ಕೂತೆ.

ಶತ್ರುಗಳು ಕೋಟೆಯ ಬಾಗಿಲಿಗೆ ಬಂದ ಹೊತ್ತಿಗೆ ಜನರೇಟರ್ ನಿಂತು ಟೆಂಟಿನೊಳಗೆ ಕಗ್ಗತ್ತಲಾಯಿತು. ಜನ ಶಿಳ್ಳೆ ಹಾಕಿದರು, ಬೈದರು, ಆಮೇಲೆ ಸುಮ್ಮನಾದರು. ಆಗ ಪಕ್ಕದಲ್ಲಿ ಮೇಷ್ಟ್ರು "ಹೂಂ" ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ "ಹೂಂ." ಕಥೆ ಹೇಳುವವರಿಗೆ ಹೂಂಗುಟ್ಟುತ್ತೇವಲ್ಲ, ಹಾಗೆ. "ಏನ್ ಮೇಷ್ಟ್ರೇ?" ಎಂದೆ. ಸುಮ್ಮನಿರು ಎನ್ನುವಂತೆ ನನ್ನ ಕೈ ಒತ್ತಿ ಹಿಡಿದರು. ಕಾಲು ಗಂಟೆ ಹೀಗೇ ನಡೆಯಿತು.

ಕೊನೆಗೆ ಟೆಂಟಿನವನೊಬ್ಬ ಲಾಟೀನು ಹಿಡಿದು ಬಂದು, "ಜನರೇಟರ್ ಕೆಟ್ಟೈತೆ, ಎಲ್ಲಾ ಮನೆಗೆ ನಡೀರಿ" ಎಂದ. ಆ ಬೆಳಕಿನಲ್ಲಿ ನೋಡಿದರೆ ಮೇಷ್ಟ್ರ ಮುಖ ಕಣ್ಣೀರಿನಿಂದ ತೊಯ್ದಿತ್ತು.

ದಾರಿಯಲ್ಲಿ, ಅರ್ಧಕ್ಕೇ ನಿಂತುಹೋಯಿತಲ್ಲ ಎಂದು ನಾನು ಪೇಚಾಡಿದೆ.

"ಇಲ್ಲವ್ವ, ಮುಗೀತು. ಗಿರಿಜೆ ಓದಿ ಮುಗಿಸಿದ್ಲು" ಎಂದರು. ಆಮೇಲೆ ನಿಂತು, ನಿಧಾನವಾಗಿ ಹೇಳಿದರು: "ರಾಣಿ ಕೋಟೆಯ ಬೀಗದ ಕೈಗಳನ್ನು ಬಾವಿಗೆ ಎಸೆದಳು. ಬರಿಗಾಲಿನಲ್ಲಿ ಹೊರಟಳು. ಅವಳನ್ನು ಯಾರೂ ಕೂಗಿ ಕರೆಯಲಿಲ್ಲ."

ಮುದುಕರ ಭ್ರಮೆ ಎಂದು ಸಮಾಧಾನ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಅವರು ಆ ಪುಸ್ತಕವನ್ನು ತಂದು ನನ್ನ ಕೈಗಿಟ್ಟರು. "ಇನ್ನು ನಂಗೆ ಬ್ಯಾಡ. ಅವಳು ಹೋದ್ಲು" ಎಂದರು. ಕೋಣೆಗೆ ಒಯ್ದು ತೆರೆದೆ. ಹಳೆಯ ಕಾಲದ ಮುದ್ರಣ. ಕೊನೆಯ ಎಂಟು ಪುಟಗಳು ಅಂಚು ಕತ್ತರಿಸದೆ, ಅಚ್ಚಿನ ಮನೆಯಲ್ಲಿ ಮಡಿಚಿದಂತೆಯೇ ಕೂಡಿಕೊಂಡಿದ್ದವು. ಆ ಪ್ರತಿಯಲ್ಲಿ ಅವನ್ನು ಯಾರೂ ಓದಿರಲು ಸಾಧ್ಯವೇ ಇರಲಿಲ್ಲ. ಬ್ಲೇಡಿನಿಂದ ಬಿಡಿಸಿದೆ. ಕಡೆಯ ಮೂರು ವಾಕ್ಯಗಳು, ಒಂದು ಪದವೂ ಹೆಚ್ಚುಕಡಿಮೆಯಿಲ್ಲದೆ, ಮೇಷ್ಟ್ರು ಹೇಳಿದವೇ.

ಸಿನಿಮಾ ನೋಡಿದ ಯಾರೋ ಮೊದಲೇ ಹೇಳಿರಬಹುದು ಎನ್ನುತ್ತೀರಿ. ನಾನೂ ಹಾಗೆಂದುಕೊಂಡಿದ್ದೆ. ಎಂಬತ್ತರ ದಶಕದಲ್ಲಿ ಚನ್ನಗಿರಿಯಲ್ಲಿ ಆ ಚಿತ್ರವನ್ನು ಪೂರ್ತಿ ನೋಡಿದೆ. ಅದರಲ್ಲಿ ರಾಣಿ ಗೆಲ್ಲುತ್ತಾಳೆ, ಬಾವುಟ ಹಾರುತ್ತದೆ. ಬಾವಿಯೇ ಇಲ್ಲ.

ಹಾಗಾದರೆ ಅವರಿಗೆ ಓದಿದವರು ಯಾರು? ನಾನು ಪಕ್ಕದಲ್ಲೇ ಇದ್ದೆ, ಅವರ ಕೈ ನನ್ನ ಕೈಯಲ್ಲೇ ಇತ್ತು. ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ.