ವಾರಕ್ಕೆ ಎರಡು ಪೀರಿಯಡ್

ನಮ್ಮ ಸಮಾಜ ವಿಜ್ಞಾನದ ಮಿಸ್ ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಹೊತ್ತು ನೋಡುವಾಗಲೆಲ್ಲ ಅಂಗೈ ಮೇಲಕ್ಕೆ ತಿರುಗುತ್ತಿತ್ತು, ಯಾರ ಮುಂದೆಯೋ ಕೈಚಾಚಿದ ಹಾಗೆ. ಬಲಗೈ ಎಂದು ನನ್ನ ನೆನಪು. ಎಡಗೈ ಎನ್ನುತ್ತಾಳೆ ನನ್ನ ಜೊತೆ ಓದಿದ ಗೆಳತಿ. ಇಷ್ಟು ಸಣ್ಣದರಲ್ಲೇ ನೆನಪು ಕೈಕೊಡುತ್ತದೆ ಎಂದಮೇಲೆ ಮುಂದಿನದನ್ನೂ ತುಸು ಅನುಮಾನದಿಂದಲೇ ಬರೆಯಬೇಕಾಗಿದೆ.

ನಮ್ಮದು ಪೀಣ್ಯದ ಮಗ್ಗುಲಿನ ಒಂದು ಸರ್ಕಾರಿ ಪ್ರೌಢಶಾಲೆ. ಅಪ್ಪ ಎರಕದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾವು ಯಾದಗಿರಿ ಕಡೆಯಿಂದ ಬಂದು ರಾಜಗೋಪಾಲನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಪೌರನೀತಿಯ ಪಾಠಗಳು ಇದ್ದೇ ಇರುತ್ತವೆ. ಆದರೆ ಹತ್ತನೆಯ ತರಗತಿಯ ಫಲಿತಾಂಶದ ಚಿಂತೆ ಹತ್ತಿದ ಶಾಲೆಗಳಲ್ಲಿ ಅವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಹೇಳಿ, ಆ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುತ್ತಾರೆ. ಮಿಸ್ ಕೊಡುತ್ತಿರಲಿಲ್ಲ. ನಮ್ಮಿಂದ ನಿಜವಾದ ಅರ್ಜಿಗಳನ್ನೇ ಬರೆಸುತ್ತಿದ್ದರು. ಬೀದಿದೀಪ ಕೆಟ್ಟಿದ್ದರೆ ಯಾರನ್ನು ಕೇಳಬೇಕು, ಕೇಳಿದ್ದಕ್ಕೆ ರುಜುವಾತು ಹೇಗೆ ಇಟ್ಟುಕೊಳ್ಳಬೇಕು, ಇಂಥವು. “ನಾನ್ ಹೇಳಿದ್ದು ತಪ್ಪು ಅನ್ನಿಸಿದ್ರೆ ಕೂತ್ಕೊಂಡು ಗೊಣಗ್ಬೇಡ್ರೋ, ಎದ್ ನಿಂತ್ ಹೇಳಿ” ಎನ್ನುತ್ತಿದ್ದರು. ಒಮ್ಮೆ ನಾನು ಎದ್ದು ನಿಂತೆ. ನನ್ನ ಮಾತೇ ತಪ್ಪಾಗಿತ್ತು. ಆದರೂ ಕೂರಲು ಬಿಡದೆ ಪೂರ್ತಿ ಹೇಳಿಸಿದರು.

ಪ್ರತಿ ಜುಲೈನಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತಿತ್ತು. ಮಿಸ್ ಅದನ್ನು ಚೀಟಿಯಲ್ಲೇ ನಡೆಸುತ್ತಿದ್ದರು. ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ, ಒಂದೊಂದು ಚೀಟಿಯನ್ನೂ ಎತ್ತಿ ಹಿಡಿದು ಓದುತ್ತಿದ್ದರು. “ಎಣಿಕೆ ಕಣ್ಣಿಗೆ ಕಾಣ್ಬೇಕು. ಇಲ್ಲಾಂದ್ರೆ ಗೆದ್ದೋರಿಗೂ ನಂಬ್ಕೆ ಬರಲ್ಲ.”

ಹತ್ತನೆಯವರಿಗೆ ಓದು ಹೆಚ್ಚೆಂದು ನಮ್ಮಲ್ಲಿ ಒಂಬತ್ತನೆಯವರನ್ನೇ ನಾಯಕರನ್ನಾಗಿ ಆರಿಸುವ ರೂಢಿ. ಆ ವರ್ಷ ನಾನು ನಿಂತೆ. ಹುಡುಗಿಯರ ಶೌಚಾಲಯದ ಬೀಗದಕೈ ಆಗ ಮೇಷ್ಟರುಗಳ ಕೋಣೆಯಲ್ಲಿರುತ್ತಿತ್ತು. ಗಂಡಸರೆದುರು ನಿಂತು ಅದನ್ನು ಕೇಳುವ ನಾಚಿಕೆಗೆ ಎಷ್ಟೋ ಹುಡುಗಿಯರು ದಿನವಿಡೀ ನೀರೇ ಕುಡಿಯುತ್ತಿರಲಿಲ್ಲ. ಆ ಬೀಗ ತೆಗೆಸುತ್ತೇನೆ ಎಂಬುದೊಂದೇ ನನ್ನ ಭರವಸೆ. “ಏ ಯಾದಗಿರಿ, ನೀನು ಲೀಡರ್ ಆದ್ರೆ ಪ್ರೇಯರಲ್ಲಿ ರೊಟ್ಟಿ ಹಂಚ್ತೀಯಾ?” ಎಂದು ಹುಡುಗನೊಬ್ಬ ಕಾಡಿದ. “ಹಂಚ್ತೀನಿ, ನಿನಗೊಬ್ಬಂಗ ಇಲ್ಲ” ಎಂದೆ. ಅವನೂ ನಕ್ಕ. ವೋಟು ನನಗೇ ಎಂದೂ ಹೇಳಿದ.

ನನ್ನೆದುರು ನಿಂತವಳು ಶಾಲಾ ಸಮಿತಿಯ ಅಧ್ಯಕ್ಷರ ಮಗಳು. ಒಳ್ಳೆಯವಳೇ. ಅವಳಿಗೆ ನಿಲ್ಲುವ ಮನಸ್ಸೇ ಇರಲಿಲ್ಲ ಎಂದು ಈಗ ಅನಿಸುತ್ತದೆ.

ಆ ಸಲ ಮಾತ್ರ ಮಿಸ್ ಚೀಟಿ ಬಿಟ್ಟು, ಒತ್ತಿದರೆ ಬೀಪ್ ಎನ್ನುವ ಮತಯಂತ್ರದ ಆ್ಯಪ್ ಹಾಕಿದ ಮೊಬೈಲ್ ತಂದರು. ನಮಗೆಲ್ಲ ಬಹಳ ಖುಷಿಯಾಯಿತು. ಕೊನೆಯ ಹುಡುಗ ಒತ್ತಿದ ಮೇಲೆ, ಚಾರ್ಜ್ ಮುಗೀತಿದೆ ಎನ್ನುತ್ತ ಫೋನನ್ನು ಹೆಡ್‌ಮಾಸ್ಟರ ಕೋಣೆಗೆ ಒಯ್ದರು. ಹೊರಗೆ ಬಂದು ಅಧ್ಯಕ್ಷರ ಮಗಳ ಹೆಸರು ಓದಿದರು. ಎಷ್ಟು ಮತ ಎಂದು ಹೇಳಲಿಲ್ಲ.

ನನಗೆ ಅನುಮಾನ ಬಂತು. ಆದರೆ ನಾನು ಎದ್ದು ನಿಲ್ಲಲಿಲ್ಲ. ಮಿಸ್ ನನ್ನ ಕಡೆ ನೋಡಿದರು ಎಂದು ಬಹಳ ವರ್ಷ ನಂಬಿದ್ದೆ. ಅವರು ನೋಡಿರಲಿಕ್ಕಿಲ್ಲ, ನಾನೇ ಆಮೇಲೆ ಸೇರಿಸಿಕೊಂಡಿದ್ದಿರಬಹುದು. ಬೀಗ ಹಾಗೆಯೇ ಉಳಿಯಿತು. ಶಾಲೆ ಬಿಡುವವರೆಗೂ ಬೀಗದಕೈ ಕೇಳಿಕೊಂಡೇ ಹೋದೆವು.

ಆದರೆ ಆ ಎರಡು ವರ್ಷ ಪೌರನೀತಿಯ ಒಂದು ಪೀರಿಯಡ್ಡೂ ತಪ್ಪಲಿಲ್ಲ. ಅದು ಯಾಕೆಂದು ತಿಳಿದದ್ದು ಎಂ.ಎ.ಗೆ ಸೇರಿದ ಮೇಲೆ. ರಾಜ್ಯಶಾಸ್ತ್ರವನ್ನೇ ಆರಿಸಿಕೊಂಡೆ ಎಂದು ಹೇಳಲು ಮಾದನಾಯಕನಹಳ್ಳಿಯ ಅವರ ಮನೆಗೆ ಹೋಗಿದ್ದೆ. ಆಗಲೇ ಅವರು ನಿವೃತ್ತರಾಗಿದ್ದರು, ಕಾಯಿಲೆಯೂ ಹಿಡಿದಿತ್ತು. ಕಾಫಿ ಕೊಟ್ಟು ಎದುರಿಗೆ ಕೂತರು.

“ನಿಂಗೇ ಜಾಸ್ತಿ ಬಂದಿತ್ತು ಕಣೇ. ಹನ್ನೊಂದು ವೋಟು.”

ನಾನು ಲೋಟ ಕೆಳಗಿಟ್ಟೆ.

“ಪೌರನೀತಿ ಪೀರಿಯಡ್ಡೆಲ್ಲಾ ಗಣಿತಕ್ಕೆ ಅಂತ ಟೈಮ್‌ಟೇಬಲ್ ರೆಡಿ ಮಾಡಿದ್ರು. ‘ಒಂದ್ ಹೆಸ್ರು ಓದ್ಬಿಡಿ ಮೇಡಂ, ನಿಮ್ ಪೀರಿಯಡ್ ಮುಟ್ಟಲ್ಲ’ ಅಂದ್ರು ಹೆಡ್‌ಮಾಸ್ಟ್ರು. ವಾರಕ್ಕೆ ಎರಡು. ಎಲ್ಲಾ ಮಕ್ಕಳಿಗೂ. ನಾನೇನು ಮನೆಗ್ ತಗೊಂಡ್ಹೋದ್ನಾ?”

“ನನ್ನನ್ನ ಒಂದ್ಮಾತು ಕೇಳ್ಬಹುದಿತ್ತಲ್ಲ ಮಿಸ್.”

“ನಿನ್ನ ಕೇಳಿದ್ರೆ ನೀನು ಒಪ್ತಿರ್ಲಿಲ್ಲ” ಎಂದರು. ಲೋಟವನ್ನು ನನ್ನ ಕಡೆ ಸರಿಸಿ, “ಕಾಫಿ ಆರೋಗುತ್ತೆ, ಕುಡಿ.”

ಕುಡಿದೆ. ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಬಂದವಳು ಮತ್ತೆ ಹೋಗಲಿಲ್ಲ. ಈ ವರ್ಷ ಅವರು ತೀರಿಕೊಂಡರು. ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂತು. ನಮಗೆ ಪ್ರಶ್ನೆ ಕೇಳಲು ಕಲಿಸಿದವರು ಎಂದು ಒಬ್ಬೊಬ್ಬರಾಗಿ ಬರೆದರು. ಅದು ನಿಜ. ಮತದಾರರ ಪಟ್ಟಿಯಿಂದ ಅವ್ವನ ಹೆಸರು ಬಿಟ್ಟುಹೋದಾಗ ಯಾವ ಕಚೇರಿಗೆ ಹೋಗಬೇಕು, ಏನು ಬರೆದುಕೊಡಬೇಕು ಎಂದು ನಾನು ಯಾರ ಬಾಯಿಂದಲೂ ಕೇಳಬೇಕಾಗಿ ಬರಲಿಲ್ಲ. ಹೆಸರು ಮತ್ತೆ ಸೇರಿದ ದಿನ ಮೊದಲು ನೆನಪಾದವರು ಮಿಸ್. ಆಮೇಲೆ ಸಿಟ್ಟು ಬಂತು.

ಆ ಪಾಠಗಳು ನನಗೆ ಬೇಡವಾಗಿದ್ದವು ಎಂದು ಹೇಳಲಾರೆ. ಕೇಳಿದ್ದರೆ ಆ ಗೆಲುವನ್ನು ನಾನೇ ಬಿಟ್ಟುಕೊಡುತ್ತಿದ್ದೆ ಎಂದು ಈ ಪುಟದಲ್ಲಿ ಒಮ್ಮೆ ಬರೆದು ಹೊಡೆದುಹಾಕಿದ್ದೇನೆ. ಹದಿನಾಲ್ಕರ ಆ ಹುಡುಗಿ ಏನನ್ನುತ್ತಿದ್ದಳೋ ನನಗೆ ಗೊತ್ತಿಲ್ಲ. ಮಿಸ್‌ಗೂ ಗೊತ್ತಿರಲಿಲ್ಲ.