ಮನೆ ನೋಡುವ ಶಾಸ್ತ್ರ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವನನ್ನು ನೀವು ಗಮನಿಸಿರಬಹುದು. ರಾಶಿಯೊಳಗೆ ಮೊಣಕೈ ತನಕ ಕೈ ಹಾಕಿ ತಳದ ಕಾಯನ್ನೇ ಎತ್ತುತ್ತಾನೆ, ಮುರಿಯುತ್ತಾನೆ, ಮೂಸುತ್ತಾನೆ, ಬೆರಳಿಗೆ ಬಣ್ಣ ಹತ್ತಿತೋ ಎಂದು ತಿಕ್ಕಿ ನೋಡುತ್ತಾನೆ. ಅದೇ ಮಹಾನುಭಾವ ಮನೆ ಕೊಳ್ಳಲು ಹೊರಟನೆನ್ನಿ, ಬಾಗಿಲಿನ ದಿಕ್ಕು ನೋಡಿ, ಪಡಸಾಲೆಯಲ್ಲಿ ಕೂತು ಚಹಾ ಕುಡಿದು, 'ಛೊಲೋ ಐತಿ' ಎಂದು ಎದ್ದು ಬರುತ್ತಾನೆ. ಇಂಥ ಒಬ್ಬ ಮಹಾನುಭಾವ ನನ್ನ ಮೈದುನನೇ ಆಗಿರುವುದು ನನ್ನ ಗ್ರಹಚಾರ.

ಹಾವೇರಿಯಲ್ಲಿ ಮೇಷ್ಟರಿಕೆ ಮುಗಿಸಿದ ಮೇಲೆ, ರಾಣೆಬೆನ್ನೂರಿನಲ್ಲೊಂದು ಹಳೆಯ ಮನೆ ಕೊಂಡು, ದುರಸ್ತಿ ಮಾಡಿಸಿ, ಬಾಡಿಗೆಗೆ ಕೊಟ್ಟು ನಿಶ್ಚಿಂತನಾಗಬೇಕೆಂಬ ಚಿಂತೆ ನನಗೆ ಹತ್ತಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಮೈದುನ ಬಸವರಾಜನೇ ಮನೆ ಹುಡುಕಿದ. ವೀರಭದ್ರಪ್ಪ ಎಂಬವರದು; ಮುಂದಿನ ಅರ್ಧ ಹೊಸದು, ಹಿಂದಿನ ಅರ್ಧ ಮರದ ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ. ಇಂಜಿನಿಯರರಿಗೆ ತೋರಿಸೋಣ ಎಂದೆ. ಬಸವರಾಜ ಹಣೆ ಬಡಿದುಕೊಂಡ.

"ಮಾಮಾರ, ಮನಿಗೇನು ಜ್ವರಾ ಬಂದೇತೇನ್ರಿ? ಮಂದಿ ನಗ್ತಾರ."

ನಾನು ಬಿಡಲಿಲ್ಲ, ವಿಧಿಯೂ ಬಿಡಲಿಲ್ಲ. ಒಮ್ಮೆ ಹೋದರೆ ಮನೆಯವರೆಲ್ಲ ಕದರಮಂಡಲಗಿ ಆಂಜನೇಯನ ದರ್ಶನಕ್ಕೆ ಹೋಗಿದ್ದರು. ಇನ್ನೊಮ್ಮೆ ಮಾಳಿಗೆ ಏರುವ ಏಣಿ ಮೋಟೆಬೆನ್ನೂರಿನ ಬೀಗರ ಮನೆಯಲ್ಲಿತ್ತು. ಮತ್ತೊಮ್ಮೆ ಎಲ್ಲರೂ ಇದ್ದರು, ಇಂಜಿನಿಯರರೊಬ್ಬರನ್ನು ಬಿಟ್ಟು.

ಕೊನೆಗೊಂದು ದಿನ ಎಲ್ಲರೂ ಕೂಡಿದೆವು. ನನ್ನ ಹೆಂಡತಿ ಗಿರಿಜೆಯೂ ಬಂದಿದ್ದಳು. ಇಂಜಿನಿಯರರು ಗೋಡೆ ತಟ್ಟಿದರು, ಬಚ್ಚಲಿಗೆ ನೀರು ಸುರಿದು ಹರಿವು ನೋಡಿದರು, ಮಾಳಿಗೆ ಹತ್ತಿ ಇಳಿದರು. ವೀರಭದ್ರಪ್ಪನವರ ಮುಖ ಕಪ್ಪಿಟ್ಟಿತು.

"ಹೆಣ್ಣು ನೋಡಾಕ ಬಂದವರೂ ಹಲ್ಲು ಎಣಸಂಗಿಲ್ರಿ ಸರ್."

ಹಿಂದಿನ ಒಂದು ಕೋಣೆ ಮಾತ್ರ ಮುಚ್ಚಿಯೇ ಇತ್ತು. "ಅದು ಬಾಣಂತಿ ಕೋಣಿ. ಮಗಳು, ಕೂಸು ಅದಾರ. ತೆಗಿಯಾಂಗಿಲ್ಲ" ಎಂದರು. ಅದನ್ನು ನೋಡದೆ ತಾನೇನೂ ಹೇಳಲಾರೆ ಎಂದರು ಇಂಜಿನಿಯರರು.

"ಬಿಡ್ರಿ ಮಾಮಾರ, ಒಂದು ಕೋಣಿ ಏನ್ ಓಡಿ ಹೋಗತೈತೇನು?" ಎಂದ ಬಸವರಾಜ.

ತಲೆ ಚಿಟ್ಟು ಹಿಡಿದು ನಾನು ಚಪ್ಪಲಿ ಮೆಟ್ಟಲು ಎದ್ದೆ. ಅಷ್ಟರಲ್ಲಿ ಗಿರಿಜೆ, "ಕೂಸಿನ ಮಾರಿ ನೋಡದ ಹೆಂಗ ಹೋಗೂದು?" ಎನ್ನುತ್ತ ಆ ಕೋಣೆಗೆ ಹೋದಳು. ಹೆಂಗಸರಿಗೆ ಅಡ್ಡಿಯಿರಲಿಲ್ಲ. ಹೋದವಳು ಕೂಸನ್ನು ಎದೆಗೆ ಒತ್ತಿಕೊಂಡೇ ಹೊರಬಂದು ವೀರಭದ್ರಪ್ಪನವರ ಮುಂದೆ ನಿಂತಳು. ಕೂಸಿನ ಕುಲಾವಿಯ ಮೇಲೆ ಸಣ್ಣಗೆ ಕಟ್ಟಿಗೆಯ ಪುಡಿ.

"ಅಣ್ಣಾರ, ತೊಟ್ಟಿಲದ ಮ್ಯಾಲಿನ ತೊಲಿ ವರ್ಲಿ ತಿಂದು ಬಾಯಿ ಬಿಟ್ಟೈತಿ. ಮದಲ ಇವರನ್ನ ಹೊರಗ ಕರಕೊಳ್ರಿ."

ಹಿಂದೆ ಗೋಡೆ ಹಿಡಿದು ನಿಂತಿದ್ದ ಮಗಳು ತಂದೆಯ ಕಡೆ ನೋಡದೆ ಹೇಳಿದಳು: "ಮ್ಯಾಲಿಂದ ಪುಡಿ ಉದರತೈತಿ ಅಂತ ಹೇಳಿದ್ನಲ್ಲಪ್ಪಾ. ಗಿರಾಕಿ ಬರೋ ಹೊತ್ತು, ಸುಮ್ಕಿರು ಅಂದಿ."

ಇಂಜಿನಿಯರರು ಒಳಗೆ ಹೋಗಿ ಗೆದ್ದಲು ತಿಂದ ಆ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿದರು; ಹಿಡಿಕೆಯ ತನಕ ಇಳಿಯಿತು. ವೀರಭದ್ರಪ್ಪ ತಾವೇ ತೊಟ್ಟಿಲಿನ ಒಂದು ತುದಿ ಎತ್ತಿದರು. ಇನ್ನೊಂದನ್ನು ಬಸವರಾಜ ಹಿಡಿದ.

ಆಮೇಲೆ ವೀರಭದ್ರಪ್ಪನವರು, ಇಂಜಿನಿಯರರು ಹೇಳಿದ್ದನ್ನೆಲ್ಲ ತಮ್ಮ ಖರ್ಚಿನಲ್ಲೇ ಅಕ್ಷರಶಃ ಮಾಡಿಸಿದರು. ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿಸಿದರು, ಬಚ್ಚಲು ಹೊಸದು ಮಾಡಿಸಿದರು. ಖರೀದಿಯ ಕರಾರು ಯಾವಾಗ ಎಂದು ಫೋನಿನಲ್ಲಿ ಕೇಳಿದೆ.

"ಮಾರೂದಿಲ್ರಿ ಸರ್. ಇಷ್ಟ್ ಛೊಲೋ ಆದ ಮನಿ ಯಾರರ ಮಾರ್ತಾರೇನ್ರಿ?"

ಇಂಜಿನಿಯರ್ ನನ್ನವರು, ಅಲೆದಾಟ ನನ್ನದು, ರಕ್ತದೊತ್ತಡ ನನ್ನದು. ಮನೆ ಮಾತ್ರ ಅವರದು! ಗಿರಿಜೆ "ಕೂಸು ಉಳೀತಲ್ಲ" ಎಂದಳು. ಅದೂ ನಿಜವೇ, ಆದರೆ ಸಿಟ್ಟು ಇಳಿಯಲಿಲ್ಲ.

ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ವೀರಭದ್ರಪ್ಪನವರು ನಮ್ಮನ್ನು ಊಟಕ್ಕೆ ಕರೆದರು. ಮುಖ ಗಂಟಿಕ್ಕಿಕೊಂಡೇ ಹೋದೆ. ಆಕೆ ಬಂದು ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. ಅದು ನನ್ನ ಬೆರಳು ಹಿಡಿದು ನಿದ್ದೆ ಹೋಯಿತು. ವೀರಭದ್ರಪ್ಪ ಪಕ್ಕಕ್ಕೆ ಸರಿದು ಕೂತರು.

"ಸರ್, ಹೊಸರಿತ್ತಿ ದಾರ್ಯಾಗ ನಾನೂ ಒಂದು ಹಳೇ ಮನಿ ನೋಡೇನ್ರಿ, ಬಾಡಿಗಿಗೆ ಬಿಡಾಕ. ಇಂಜಿನಿಯರ್ ಸಾಹೇಬ್ರನ್ನ ಕರಕೊಂಡು ಒಮ್ಮೆ ಬರ್ತೀರೇನ್ರಿ? ಅಕ್ಕಾರೂ ಬರ್ಲಿ."

ಕೂಸು ಮಲಗಿತ್ತು, ಕೂಗಾಡುವಂತಿರಲಿಲ್ಲ. "ಯಾವಾಗ?" ಎಂದೆ, ಹಲ್ಲು ಕಡಿದು, ಆದಷ್ಟು ಮೆಲ್ಲಗೆ.