ಕಿತ್ತು ಬಂದ ಕರಿಕಿ

ಮೊನ್ನೆ ರಾಣೆಬೆನ್ನೂರಿನ ಗೊಬ್ಬರದ ಅಂಗಡಿಯ ಮುಂದೆ ಹುಳ ಕೊಲ್ಲುವ ಪುಡಿಯ ಚೀಲವೊಂದು ಒಡೆದು ಬಿದ್ದಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಚಾಚಾ ನೆನಪಾದರು...

ಎಂಬತ್ತರ ದಶಕದಲ್ಲಿ ನಾನು ಬ್ಯಾಡಗಿಯ ಮೆಣಸಿನಕಾಯಿ ಸಾವಕಾರರೊಬ್ಬರ ದಿವಾನಜಿ. ಪೇಟೆಯ ಕಾಗದಪತ್ರ, ಬಂಗಲೆಯ ಉಸ್ತುವಾರಿ ಎರಡೂ ನನ್ನವೇ. ಚಾಚಾ ಅಲ್ಲಿನ ಮಾಲಿ, ಗುತ್ತಲದವರು. ಹಿತ್ತಲಿನ ಕೋಣೆಯಲ್ಲಿ ಹೆಂಡತಿಯೊಂದಿಗೆ ಇದ್ದರು. ಕೆಲಸ ಹೋದರೆ ಕೋಣೆಯೂ ಹೋದಂತೆ. ಎಲ್ಲರೂ ಲಾನ್ ಎನ್ನುವುದನ್ನು ಅವರು ಕರಿಕಿ ಎನ್ನುತ್ತಿದ್ದರು, ಕುಕ್ಕರಗಾಲಲ್ಲಿ ಕೂತು ಕತ್ತರಿಯಿಂದಲೇ ಕತ್ತರಿಸುತ್ತಿದ್ದರು.

ಆ ವರ್ಷ ಸಾವಕಾರರ ಮಗಳ ನಿಶ್ಚಿತಾರ್ಥ ಆ ಹುಲ್ಲಿನ ಮೇಲೇ ಆಗಬೇಕಿತ್ತು. ತಿಂಗಳು ಉಳಿದಿರುವಾಗ ಅಲ್ಲಲ್ಲಿ ಹಳದಿ ಕಾಣಿಸಿತು. ಚಾಚಾ ಒಂದು ಹಿಡಿ ಹುಲ್ಲು ಎಳೆದರು. ಜಮಖಾನದ ಅಂಚಿನಂತೆ ಎದ್ದು ಬಂತು. ಕೆಳಗೆ ಬೇರು ತಿನ್ನುವ ಬಿಳಿ ಗೊಣ್ಣೆಹುಳುಗಳು.

"ಬಿಗಿ ಇದ್ರ ನೀರಡಿಕಿ, ಕಿತ್ತು ಬಂದ್ರ ಹುಳ," ಅಂದರು. "ಇಷ್ಟು ಎಬ್ಬಿಸಿ ಬಿಡೋಣ್ರಿ, ಬೆಳ್ಳಕ್ಕಿ ಬಂದು ತಿಂತಾವ. ಆಮ್ಯಾಲ ಮಣ್ಣು ಕೊಟ್ಟು ನೀರು ಬಿಟ್ರ ಕೂಡ್ಕೋತೈತಿ. ಗಡಿಬಿಡಿ ಮಾಡಬ್ಯಾಡ್ರಿ, ದಿವಾನಜಿ."

ಬ್ಯಾಡಗಿಯವನಿಗೆ ಗಿಡದ ಪಾಠವೇ? ಮೆಣಸಿನ ಗಿಡ ಹಳದಿಯಾದರೆ ಯೂರಿಯಾಕ್ಕೆ ಹುಳದ ಪುಡಿ ಕಲಸಿ ಎರಚುವುದು ನಮ್ಮಲ್ಲಿ ಕೂಸಿಗೂ ಗೊತ್ತು ಎಂದು ಬೀಗಿದೆ. ಚಾಚಾ ಊರಿಗೆ ಹೋದ ದಿನ, ಸುಡು ಮಧ್ಯಾಹ್ನ, ನಾನೇ ಎರಚಿದೆ. ಒಂದು ಮುಷ್ಟಿಯ ಕಡೆ ಎರಡು. ನೀರು ಬಿಡಲಿಲ್ಲ. ಮೂರೇ ದಿನಕ್ಕೆ ಅಂಗಳವೆಲ್ಲ ಸುಟ್ಟು ಕೆಂಪಾಯಿತು. ಎರಡು ಬೆಳ್ಳಕ್ಕಿ ಸತ್ತು ಬಿದ್ದಿದ್ದವು.

"ಊರಿಗೆ ಹೋಗೂ ಮುಂದ ಏನ್ ಹಾಕೀದಿ ಇದಕ್ಕ?" ಎಂದು ಸಾವಕಾರರು ಆಗಷ್ಟೇ ಊರಿಂದ ಬಂದ ಚಾಚಾ ಮೇಲೆ ಹರಿಹಾಯ್ದರು. ಚಾಚಾ ನನ್ನ ಮುಖ ನೋಡಿದರು. ಅವರಿಗೆ ತಿಳಿದಿತ್ತು, ಪುಡಿಯ ಖಾಲಿ ಚೀಲ ನನ್ನ ಸೈಕಲ್ಲಿಗೇ ಸಿಕ್ಕಿಕೊಂಡಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ನನಗೂ ಹೆಂಡತಿ ಮಕ್ಕಳಿದ್ದರು ಎಂದು ಇಂದಿಗೂ ಹೇಳಿಕೊಳ್ಳುತ್ತೇನೆ... ಹೆದರಿದ್ದೆ, ಅಷ್ಟೇ.

ಸಂಜೆಗೆ ಕೋಣೆ ಖಾಲಿಯಾಯಿತು. ತಲೆಯ ಮೇಲೆ ಟ್ರಂಕು ಹೊತ್ತ ಚಾಚಾ ಗೇಟಿನಲ್ಲಿ ಒಂದು ಗಳಿಗೆ ನಿಂತರು.

"ಬೇರು ಪೂರಾ ಸತ್ತಿಲ್ರಿ. ದಿನಾ ನೀರು ಬಿಡ್ರಿ, ಬರತೈತಿ."

ಬಿಟ್ಟೆ. ಬಂತು. ಬೀಗರು ಹುಲ್ಲನ್ನು ಹೊಗಳಿದರು, ಸಾವಕಾರರು ನನ್ನ ಬೆನ್ನು ತಟ್ಟಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ತಪ್ಪು ಒಪ್ಪಿಕೊಳ್ಳೋಣವೆಂದು ಗುತ್ತಲದ ಬಸ್ಸು ಹತ್ತಿದೆ. ಅಲ್ಲಿ ಚಾಚಾ ಮನೆ ಕೇಳಿದ್ದಕ್ಕೆ ಚಹಾದಂಗಡಿಯವನು, "ಅವ್ರು ತೀರಿ ಎರಡು ವರ್ಷಾತ್ರಿ," ಅಂದ. ಅದೇ ಬಸ್ಸಿಗೆ ಮರಳಿದೆ.

ಹಾವೇರಿಯ ನಮ್ಮ ಮನೆಯ ಮುಂದೆಯೂ ಈಗ ನಾಲ್ಕು ಮೊಳ ಕರಿಕಿ ಇದೆ. ಮೊನ್ನೆ ಆ ಗೊಬ್ಬರದ ಅಂಗಡಿಯಿಂದ ಬಂದವನು ಹಳದಿ ಕಂಡಲ್ಲಿ ಹಿಡಿದು ಎಳೆದೆ. ಕೈಗೇ ಬಂತು. ಹುಳುಗಳು ಬಿಸಿಲಿಗೆ ಮುದುಡಿಕೊಂಡವು. ನನಗರಿವಿಲ್ಲದೆ ಗಟ್ಟಿಯಾಗಿಯೇ ಹೇಳಿಬಿಟ್ಟೆ: "ಹಾಕಿದ್ದು ನಾನು."

ಒಳಗಿನಿಂದ ಸೊಸೆ ಕೇಳಿದಳು, "ಏನ್ ಹಾಕೀರಿ, ಮಾವಾರ?"

"ಏನಿಲ್ಲವಾ," ಅಂದೆ.